ನೆಲದೊಳಗಿನ ಆರು ಸುತ್ತು

ಡೇರೆಯವನು ನಾಲ್ಕನೆಯ ಗೂಟಕ್ಕೆ ಸುತ್ತಿಗೆ ಎತ್ತಿದ್ದ. ಟೈಲರಮ್ಮ ಬರಿಗಾಲಲ್ಲೇ ಬಾಗಿಲಿನಿಂದ ಓಡಿ ಬಂದಳು.

“ನಿಲ್ಸು! ಹೊಡೀಬೇಡಪ್ಪಾ, ನಿಲ್ಸು!”

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಆದರೆ ಆಗಬೇಕಾದದ್ದು ಆಗಿಹೋಗಿತ್ತು. ಮೂರನೆಯ ಗೂಟದ ಬುಡದಲ್ಲಿ, ಹೆಪ್ಪುಗಟ್ಟಿದ ಇಬ್ಬನಿಯ ಹುಲ್ಲಿನ ನಡುವಿನಿಂದ, ನೀಲಿ ನೀರು ಗುಳುಗುಳು ಉಕ್ಕುತ್ತಿತ್ತು.

“ಕುಡಿಯೋ ನೀರಿನ ಪೈಪಾ, ಅಮ್ಮ?” ಡೇರೆಯವನ ಮುಖ ಸುಣ್ಣದಂತಾಗಿತ್ತು.

“ಅಲ್ಲ. ಮನೆ ಬೆಚ್ಚಗಿಡೋ ಪೈಪು.”

“ನೆಲದ ಒಳಗಾ?”

ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಆಕೆ ಬಂದ ವೇಗದಲ್ಲೇ ಒಳಗೆ ಓಡಿದಳು. ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮೇಸ್ತ್ರಿ ಮಲಗಿದ್ದ. ಮೊನ್ನೆ ಬೆಳಿಗ್ಗೆ ಶೂ ಲೇಸು ಕಟ್ಟಲು ಬಗ್ಗಿದವನು ಮೇಲೆದ್ದಿರಲಿಲ್ಲ. ಗಂಡನ ಪೆಟ್ಟಿಗೆಯನ್ನು ಸುತ್ತಿಕೊಂಡು ದಾಟಿ, ಅಡುಗೆಮನೆಯ ಪಕ್ಕದ ಮಷಿನ್ ಕೋಣೆಗೆ ನುಗ್ಗಿದಳು. ಗೋಡೆಯ ಮೇಲೆ ಪೈಪಿನ ಒತ್ತಡ ತೋರಿಸುವ ಗಡಿಯಾರದಂಥ ಬಿಲ್ಲೆಯಲ್ಲಿ ಮುಳ್ಳು ಇಳಿಯುತ್ತಿತ್ತು. ಕೆಳಗೆ ಸಾಲಾಗಿ, ನೆಲದೊಳಗಿನ ಆರು ಸುತ್ತು ಪೈಪುಗಳಿಗೆ ಒಂದೊಂದರಂತೆ, ಆರು ಜೋಡಿ ಹಿಡಿಕೆಗಳು. ಹೊಲಿಗೆ ಮಷಿನ್ನಿನ ಚಕ್ರ ತಿರುಗಿಸಿ ಗಟ್ಟಿಯಾದ ಕೈ ಅವನ್ನೆಲ್ಲ ಒಂದಾದ ಮೇಲೊಂದು ತಿರುಗಿಸಿ ಮುಚ್ಚಿತು. ಮುಳ್ಳು ನಿಂತಿತು. ಮಷಿನ್ನೂ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

ಆ ಮೌನ ಮನೆಯಲ್ಲಿದ್ದವರಿಗೆಲ್ಲ ಕೇಳಿಸಿತು.

“ಏನಾಯ್ತಮ್ಮ?” ಒಲೆಯಂಗಡಿ ಭಾವ ಬಾಗಿಲಲ್ಲಿ ನಿಂತಿದ್ದ. ಮೇಸ್ತ್ರಿಯ ಅಣ್ಣ, ಊರಿನ ಅರ್ಧ ಮನೆಗಳಿಗೆ ಒಲೆ, ಬಾಯ್ಲರು ಮಾರಿದವನು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಆದರೂ ಸತ್ತ ಮಷಿನ್ ನೋಡಿದ ತಕ್ಷಣ ಆ ಕಣ್ಣಲ್ಲಿ ವ್ಯಾಪಾರಿಯ ಬೆಳಕು ಬಂತು. “ನಾನು ಹೇಳಿರಲಿಲ್ವಾ? ಹನ್ನೊಂದು ವರ್ಷದಿಂದ ಹೇಳ್ತಾನೇ ಇದ್ದೆ. ಕಣ್ಣಿಗೆ ಕಾಣದೇ ಇರೋದನ್ನ ನಂಬಬಾರದು.”

“ಗೂಟ ಹೊಡೆದಿದ್ದಕ್ಕೆ ಪೈಪು ಏನು ಮಾಡುತ್ತೆ, ಭಾವ?”

“ಅದೇ ನಾನೂ ಹೇಳೋದು. ಒಲೆಗೆ ಯಾರೂ ಗೂಟ ಹೊಡೆಯಲ್ಲ.” ಜೇಬಿನಿಂದ ಫೋನು ತೆಗೆದ. “ಮಣ್ಣು ಮಾಡಿ ಬರೋಷ್ಟರಲ್ಲಿ ನನ್ನ ಹುಡುಗರು ಬಾಯ್ಲರ್ ತಂದಿರ್ತಾರೆ. ಗೋಡೇಲಿ ಹೊಗೆಗೊಂದು ತೂತು ಹೊಡೆದ್ರೆ ಆಯ್ತು. ಸಂಜೆಗೆ ಬಿಸಿ.”

“ಗೋಡೇಲಿ ತೂತು?”

“ಒಂದೇ ತೂತು.”

ಒಂದೇ ತೂತು. ಆಕೆ ಗೋಡೆಗೆ ಕೈ ಊರಿದಳು. ಮೊಳಕ್ಕಿಂತ ದಪ್ಪದ ಗೋಡೆ. ಈ ಮನೆಯಲ್ಲಿ ಸೂಜಿ ತೂರುವಷ್ಟು ಸಂದಿಯೂ ಇಲ್ಲ ಎಂದು ಗಂಡ ಎದೆ ತಟ್ಟಿಕೊಳ್ಳುತ್ತಿದ್ದದ್ದು ಸುಮ್ಮನೆ ಅಲ್ಲ.

ಮಗಳು ನಾಲ್ಕು ತಿಂಗಳ ಕೂಸನ್ನು ಎದೆಗವಚಿಕೊಂಡು ಬಂದಳು. “ಅಮ್ಮ, ದೊಡ್ಡಪ್ಪ ಹೇಳೋದ್ರಲ್ಲೂ ಅರ್ಥ ಇದೆ. ಅಪ್ಪ ಇದ್ದಾಗ ಸರಿ. ಈ ಮಷಿನ್ನು, ಈ ಪೈಪು, ಒಂದಾದ್ರೂ ಚೀಟಿ ಬರೆದಿಟ್ಟಿದ್ದಾರಾ? ನಾಳೆ ಇನ್ನೇನಾದ್ರೂ ಆದ್ರೆ ಯಾರನ್ನ ಕೇಳ್ತೀಯ? ನಮ್ಮನೆಗೆ ಬಂದ್ಬಿಡು. ಇದನ್ನ ಬಾಡಿಗೆಗೆ ಕೊಡೋಣ.”

ಚೀಟಿ ಇರಲಿಲ್ಲ. ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಮೊನ್ನೆಯಿಂದ ಒಬ್ಬರಿಗೂ ಹೇಳದೆ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಭಯವೂ ಅದೇ. ಮನೆ ಮೇಸ್ತ್ರಿಯ ತಲೆಯಲ್ಲಿತ್ತು. ಆ ತಲೆ ಇವತ್ತು ಮಣ್ಣಿಗೆ ಹೋಗಲಿತ್ತು. ಉಳಿದದ್ದರಲ್ಲಿ ತಾನು ಒಡತಿಯೋ ಬಾಡಿಗೆಯವಳೋ?

* * *

ಮೇಸ್ತ್ರಿ ಮೂವತ್ತು ವರ್ಷ ಬೇರೆಯವರ ಗೋಡೆ ಕಟ್ಟಿದ. ಬೇಗ ಮುಗಿಸು, ತೆಳ್ಳಗೆ ಕಟ್ಟು, ಹೊರಗೆ ಚಂದ ಕಂಡರೆ ಸಾಕು ಎನ್ನುವವರ ಗೋಡೆ. ಸಂಜೆ ತಿರುಗಿ ಬರುತ್ತಿದ್ದದ್ದು ಬಾಡಿಗೆಯ ಎರಡು ಕೋಣೆಗೆ. ಅಲ್ಲಿ ಚಳಿಗಾಲದಲ್ಲಿ ಮೂಲೆಗಳು ಕಪ್ಪಗೆ ಬೂಷ್ಟು ಹಿಡಿಯುತ್ತಿದ್ದವು. ಹೊಲಿಯಲು ಕೂತವಳ ಬೆರಳು ಸೂಜಿಯನ್ನೇ ಹಿಡಿಯುತ್ತಿರಲಿಲ್ಲ.

ಒಂದು ದಿನ ಆಕೆ ಯಾರದೋ ದಪ್ಪ ಕೋಟಿಗೆ ಲೈನಿಂಗ್ ಹಾಕುತ್ತಿದ್ದಳು. ಅವನು ಪಕ್ಕ ಕೂತು ಕೋಟಿನ ಅಂಚನ್ನು ಹೆಬ್ಬೆರಳಲ್ಲಿ ಹಿಚುಕಿ ನೋಡಿದ.

“ಒಳಗೊಂದು ಬಟ್ಟೆ, ಹೊರಗೊಂದು ಬಟ್ಟೆ, ನಡುವೆ ಹತ್ತಿ. ಅಷ್ಟೇನಾ?”

“ಅಷ್ಟೇ. ಹೊಲಿಗೆ ಬಿಗಿ ಇರ್ಬೇಕು. ಗಾಳಿ ನುಗ್ಗಿದ್ರೆ ಹತ್ತಿ ಎಷ್ಟಿದ್ರೂ ದಂಡ.”

“ಹಂಗಾದ್ರೆ ಮನೆಗೂ ಒಂದು ಕೋಟು ಹೊಲಿಯೋಣ.”

ಗೋಡೆ ಹಾಗೇ ಎದ್ದಿತು: ಹೊರಗೆ ಕಲ್ಲು, ಒಳಗೆ ಇಟ್ಟಿಗೆ, ನಡುವೆ ಒಂದು ಗೇಣು ದಪ್ಪಕ್ಕೆ ತುಂಬಿದ ಹತ್ತಿಯಂಥ ಪದರ. ಆಮೇಲೆ ಪೈಪು ಹೂಳಲು ಮನೆಯ ಮುಂದೆ ಆಳೆತ್ತರದ ಚರಂಡಿ ತೋಡಿಸತೊಡಗಿದಾಗ ಬೀದಿಯ ಜನ ನಿಂತು ನೋಡಿದರು. ಭಾವ ಅಂಗಡಿ ಮುಚ್ಚಿಕೊಂಡೇ ಬಂದ.

“ಮಣ್ಣಿಂದ ಬಿಸಿ ತೆಗೀತಾನಂತೆ! ನಾಳೆ ಕಲ್ಲಿಂದ ಹಾಲು ಕರೀತಾನೆ.”

ಮೇಸ್ತ್ರಿ ಚರಂಡಿಯೊಳಗಿಂದ ತಲೆಯೆತ್ತಿದ. “ಇಳಿದು ಬಾ, ಅಣ್ಣ. ಮೇಲೆ ಮೂಗು ಉದುರೋ ಚಳಿ. ಇಲ್ಲಿ ಕೈ ಇಟ್ಟು ನೋಡು. ಈ ಆಳದ ಮಣ್ಣಿಗೆ ಚಳಿಗಾಲ ಬಂದಿರೋದನ್ನ ಇನ್ನೂ ಯಾರೂ ಹೇಳಿಲ್ಲ. ಇಲ್ಲಿರೋ ಚೂರು ಬೆಚ್ಚಗೇನ ಪೈಪಿನ ನೀರು ಹೊತ್ತು ತರುತ್ತೆ. ಮಷಿನ್ನು ಅದನ್ನ ಹಿಂಡಿ ಹಿಂಡಿ ದೊಡ್ಡದು ಮಾಡುತ್ತೆ. ಸೌದೆ ಬೇಡ, ಹೊಗೆ ಬೇಡ.”

“ಒಲೆ ಮಾರೋನ ತಮ್ಮ ಒಲೆ ಇಲ್ಲದ ಮನೆ ಕಟ್ಟಿದ ಅಂತ ಜನ ನನ್ನ ಮುಖಕ್ಕೇ ನಗ್ತಾರೆ ಕಣೋ.”

“ನಗಲಿ ಬಿಡು. ನಕ್ಕವರು ಅಂಗಡಿ ಒಳಗೆ ಬಂದೇ ಬರ್ತಾರೆ.”

ಭಾವ ಇಳಿಯಲಿಲ್ಲ.

ಮೇಸ್ತ್ರಿಗೆ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಅಳತೆಯನ್ನು ಎಂದೂ ಬರೆಯುತ್ತಿರಲಿಲ್ಲ. ಕಟ್ಟಡದ ಜಾಗದಲ್ಲಿ ಕಾಗದ ನೆನೆಯುತ್ತದೆ, ಹರಿಯುತ್ತದೆ, ಯಾರದೋ ಬೀಡಿಗೆ ಬೆಂಕಿಯಾಗುತ್ತದೆ. ಅವನು ಟೇಪಿನ ಒಂದು ತುದಿ ಹಿಡಿದು ಅಳತೆ ಕೂಗುತ್ತಿದ್ದ. ಇನ್ನೊಂದು ತುದಿ ಹಿಡಿದವರು ಅದನ್ನು ಬಾಯಿಬಿಟ್ಟು ತಿರುಗಿ ಹೇಳಬೇಕು. ಹೇಳದಿದ್ದರೆ ಟೇಪು ಬಿಡುತ್ತಿರಲಿಲ್ಲ. ಸ್ವಂತ ಮನೆಗೆ ಕೂಲಿಯವರು ಕಮ್ಮಿ. ಪೈಪಿನ ಆರೂ ಸುತ್ತುಗಳ ಅಳತೆಗೆ ಇನ್ನೊಂದು ತುದಿ ಹಿಡಿದವಳು ಹೆಂಡತಿಯೇ.

“ನಾನೇನು ಗಿಣಿನಾ, ಹೇಳಿದ್ದನ್ನೇ ಹೇಳೋಕೆ?” ಎಂದು ಆಕೆ ರೇಗಿದ್ದಳು.

“ಗಿಣಿ ಆದ್ರೆ ಮೆಣಸಿನಕಾಯಿ ಕೊಟ್ಟು ಸುಮ್ಮನಾಗಿಸ್ತಿದ್ದೆ. ಹೇಳು, ಎಷ್ಟಂದೆ?”

* * *

ಅಂಗಳದಲ್ಲಿ ಜನ ಸೇರತೊಡಗಿದ್ದರು. ಡೇರೆ ಅರ್ಧ ಎದ್ದು, ಒಂದು ಮಗ್ಗುಲಿಗೆ ಜೋತುಬಿದ್ದಿತ್ತು. ಅದರ ಕೆಳಗೆ ಪಕ್ಕದ ಮನೆಯ ಟೀಚರ್ ಯಾರಿಗೋ ಹೇಳುತ್ತಿದ್ದಳು: “ಮೇಸ್ತ್ರಿ ಕಟ್ಟಿದ ಗೋಡೆ ಬಿದ್ದಿದ್ದು ನಾನು ನೋಡಿಲ್ಲ. ಹೇಳಿದ ದಿನಕ್ಕೆ ಮುಗಿದಿದ್ದೂ ನೋಡಿಲ್ಲ.” ಸಾವಿನ ಮನೆಯಲ್ಲಿ ನಗಬಹುದೋ ಬಾರದೋ ಎಂದು ನೋಡಿಕೊಂಡು ನಾಲ್ಕು ಜನ ನಕ್ಕರು.

ಮಷಿನ್ ಕೋಣೆಯಲ್ಲಿ ಭಾವ ಇನ್ನೂ ಫೋನು ಕಿವಿಗಿಟ್ಟುಕೊಂಡಿದ್ದ.

“ಅದನ್ನ ಜೇಬಿಗೆ ಹಾಕಿ, ಭಾವ,” ಎಂದಳು ಟೈಲರಮ್ಮ. “ಈ ಮನೆ ನಿಮ್ಮ ಒಲೆ ಮನೆ ಥರ ಅಲ್ಲ, ಬೆಂಕಿ ಆರಿದ ಗಳಿಗೆಗೆ ತಣ್ಣಗಾಗೋಕೆ. ಎರಡು ದಿನ ಬಿಸಿ ಹಿಡಿದಿರುತ್ತೆ. ಅಷ್ಟರೊಳಗೆ ನೋಡ್ಕೋತೀನಿ.”

“ಏನು ನೋಡ್ಕೋತೀಯ? ಆರರಲ್ಲಿ ಯಾವುದು ತೂತಾಗಿದೆ ಅಂತ ಗೊತ್ತಾ?”

“ಗೊತ್ತಾದ್ರೆ ಅದೊಂದನ್ನ ಮುಚ್ಚಿಟ್ಟು ಉಳಿದ ಐದು ಬಿಡಬಹುದು. ಐದು ಸಾಕು. ಒಂದು ಸುತ್ತು ಹೆಚ್ಚಿಗೇನೇ ಹಾಕಿದ್ರು.”

“ಗೊತ್ತಾಗದಿದ್ರೆ?”

ಅವಳು ಮೂಲೆಯಲ್ಲಿದ್ದ, ಪೈಪಿಗೆ ತುಂಬುವ ನೀಲಿ ನೀರಿನ ಕ್ಯಾನನ್ನು ನೋಡಿದಳು. ಇದ್ದದ್ದು ಒಂದೇ. ತೂತಾದ ಸುತ್ತನ್ನು ತಪ್ಪಿ ತೆರೆದರೆ ಅದೂ ಮಣ್ಣಿನ ಪಾಲು. ಆಮೇಲೆ ಭಾವನ ಬಾಯ್ಲರು, ಗೋಡೆಗೆ ತೂತು.

ಭಾವ ಬಗ್ಗಿ ಪೈಪುಗಳನ್ನು ಎಣಿಸಿದ. ಮನುಷ್ಯ ದಡ್ಡನಲ್ಲ. “ಮೂಲೆಯಿಂದ ಎರಡೂವರೆ ಅಡಿಗೆ ಒಂದರಂತೆ ಹೊರಗೆ ಹೋಗಿವೆ. ಹೊರಗೆ ಗೂಟ ಎಷ್ಟಡಿಗಿದೆ?”

ಮಗಳು ಹೊರಗೆ ಬಂದು ಕೂಸನ್ನು ಟೀಚರ್ ಕೈಗಿಟ್ಟಳು. ತಾಯಿ ತನ್ನ ಕೊರಳಲ್ಲಿದ್ದ ಹೊಲಿಗೆಯ ಟೇಪನ್ನು ತೆಗೆದಳು. ಮೊನ್ನೆಯಿಂದ ಅದು ಅಲ್ಲೇ ಇತ್ತು, ತೆಗೆಯಲು ಯಾರಿಗೂ ಹೊಳೆದಿರಲಿಲ್ಲ. ಇಬ್ಬರೂ ಮೂಲೆಗಲ್ಲಿನಿಂದ ಗೋಡೆಯುದ್ದಕ್ಕೂ ಅಳೆದರು. ಗೂಟ ಗೋಡೆಯಿಂದ ಆರಡಿ ಮುಂದೆ, ಮೂಲೆಯಿಂದ ಸರಿಯಾಗಿ ಹತ್ತಡಿ.

“ನಾಲ್ಕೆರಡೂವರೆ ಹತ್ತು,” ಎಂದ ಭಾವ. “ನಾಲ್ಕನೇದು. ಮಗ್ಗಿ ಬಂದ್ರೆ ಸಾಕು, ಮೇಸ್ತ್ರಿ ಬೇಕಾಗಿಲ್ಲ.”

ಯಾರಾದರೂ ಒಪ್ಪುವ ಲೆಕ್ಕ. ಮಗಳೂ ಹೂಂಗುಟ್ಟಿದಳು. ಟೈಲರಮ್ಮನ ಕಾಲು ಒಳಗೆ ಹೋಗಲು ಎದ್ದಿತು. ಆದರೆ ಎಲ್ಲೋ ಎಳೆ ಸಿಕ್ಕಿಕೊಂಡಂತೆನಿಸಿತು. ಕಣ್ಣುಮುಚ್ಚಿ ನೆನೆದರೆ ಏನೂ ಬರಲಿಲ್ಲ: ಮಣ್ಣು, ಮೇಸ್ತ್ರಿಯ ಕೆಸರು ಟೋಪಿ, ಅಷ್ಟೇ.

“ಟೇಪಿನ ತುದಿ ಹಿಡ್ಕೊಂಡು ಅಲ್ಲೇ ನಿಲ್ಲು,” ಎಂದಳು ಮಗಳಿಗೆ. “ನಾನು ಏನು ಹೇಳ್ತೀನೋ ಅದನ್ನ ತಿರುಗಿ ಹೇಳು. ಜೋರಾಗಿ.”

“ಏನಮ್ಮ ಇದು, ಜನ ನೋಡ್ತಿದಾರೆ.”

“ನೋಡ್ಲಿ. ಮೊದಲನೇದು, ಎರಡೂವರೆ.”

“ಮೊದಲನೇದು, ಎರಡೂವರೆ.”

“ನೇರ ಹನ್ನೆರಡು, ಆಮೇಲೆ ಇಳಿಜಾರು.”

“ನೇರ ಹನ್ನೆರಡು, ಇಳಿಜಾರು.”

“ಎರಡನೇದು ಐದು. ನೇರ ಹನ್ನೆರಡು, ಇಳಿಜಾರು.”

ಬಾಯಿ ತಾನಾಗಿ ನಡೆಯತೊಡಗಿತ್ತು. ತಲೆಗೆ ಮರೆತದ್ದು ನಾಲಿಗೆಗೆ ಮರೆತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ರೇಗುತ್ತ ಹೇಳಿದ ಅದೇ ಮಾತುಗಳು, ಅದೇ ಏರಿಳಿತದಲ್ಲಿ.

“ಮೂರನೇದು ಏಳೂವರೆ. ನೇರ ನಾಲ್ಕು, ಬಂಡೆ.” ಆಕೆ ನಿಂತಳು. “ಬಂಡೆ! ಬಲಕ್ಕೆ ಎರಡೂವರೆ, ಮತ್ತೆ ನೇರ.”

“ಬಂಡೆ, ಬಲಕ್ಕೆ ಎರಡೂವರೆ...” ಮಗಳ ದನಿ ನಿಧಾನವಾಯಿತು. “ಅಮ್ಮ, ಹಾಗಾದ್ರೆ ಆರಡಿ ಮುಂದೆ ಬಂದಾಗ ಮೂರನೇದೇ ಹತ್ತಡಿಗೆ ಬಂದಿರುತ್ತೆ.”

“ನಾಲ್ಕನೇದು ಅದರಾಚೆಗೆ ಸರೀತು. ಬಂಡೆ ಒಡೆಯೋಕೆ ಎರಡು ದಿನ ಒದ್ದಾಡಿ, ಆಮೇಲೆ ನಿಮ್ಮಪ್ಪ ಅದಕ್ಕೊಂದು ಕೈ ಮುಗಿದು ಸುತ್ತಿಕೊಂಡು ಹೋದ್ರು.”

“ಬಂಡೆಗಿಂಡೆ ನನಗೆ ಗೊತ್ತಿಲ್ಲ,” ಎಂದ ಭಾವ. “ಲೆಕ್ಕದ ಪ್ರಕಾರ ನಾಲ್ಕು.”

“ನೀವು ಚರಂಡಿಗೆ ಇಳಿಯಲಿಲ್ಲವಲ್ಲ, ಭಾವ,” ಎಂದಳು ಆಕೆ, ನೋವಾಗದ ಹಾಗೆ. “ಇಳಿದವಳು ನಾನು.”

ಒಳಗೆ ಹೋಗಿ, ಮೂರನೆಯ ಜೋಡಿ ಬಿಟ್ಟು ಉಳಿದ ಐದನ್ನು ತೆರೆದಳು. ಕ್ಯಾನಿನ ನೀರು ಸುರಿದಳು. ಮುಳ್ಳು ಮೇಲೇರಿತು, ಒಮ್ಮೆ ನಡುಗಿತು, ನಿಂತಿತು. ಮೂವರೂ ಅದನ್ನೇ ನೋಡಿದರು. ಇಳಿಯಲಿಲ್ಲ. ಹೊರಗಿನಿಂದ ಡೇರೆಯವನು ಕೂಗಿದ: “ಅಮ್ಮಾ, ಇಲ್ಲಿ ಉಕ್ತಾ ಇಲ್ಲ!” ಆಕೆ ಗುಂಡಿ ಒತ್ತಿದಳು. ಮಷಿನ್ನು ಗಂಟಲು ಸರಿಮಾಡಿಕೊಂಡು ಗುನುಗತೊಡಗಿತು.

ಭಾವ ಆ ಬಿಲ್ಲೆಯನ್ನು ಬೆರಳಲ್ಲಿ ತಟ್ಟಿ ನೋಡಿದ. ಆಮೇಲೆ ಫೋನಿನಲ್ಲಿ ತನ್ನ ಹುಡುಗರಿಗೆ, “ಬೇಡ, ವಾಪಸ್ ಹೋಗ್ರೋ,” ಎಂದ. ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡ. “ಒಂದು ಸಲ ಇಳಿದು ನೋಡಬೇಕಿತ್ತು. ಕರೆದಿದ್ದ ಅವನು.”

ಮಗಳು ತಾಯಿಯ ತೋಳು ಹಿಡಿದಳು. “ನಮ್ಮನೆಗೆ...”

“ಬರ್ತೀನಿ. ನೆಂಟಳಾಗಿ ಬರ್ತೀನಿ, ಕೂಸನ್ನ ಎತ್ತಿ ಆಡಿಸ್ತೀನಿ, ನನ್ನ ಮನೆಗೆ ವಾಪಸ್ ಬರ್ತೀನಿ. ಈಗ ಷೆಡ್ಡಿಂದ ಇಟ್ಟಿಗೆ ಪುಡಿ ಚೀಲ ತಗೊಂಡು ಬಾ.”

ಡೇರೆಗೆ ಇನ್ನೂ ಐದು ಗೂಟ ಬಾಕಿಯಿದ್ದವು. ಡೇರೆಯವನು ಸುತ್ತಿಗೆಯನ್ನು ಮುಟ್ಟಲೇ ಹೆದರುತ್ತಿದ್ದ. ಟೈಲರಮ್ಮ ಬಿಳಿ ಹುಲ್ಲಿನ ಮೇಲೆ ಕೆಂಪು ಪುಡಿಯಲ್ಲಿ ಗೆರೆ ಎಳೆಯುತ್ತ ನಡೆದಳು. ಮಗಳು ಟೇಪು ಹಿಡಿದು ಅಳತೆ ತಿರುಗಿ ಹೇಳುತ್ತ ಹಿಂದೆ. ಪೈಪು ಮೇಲ್ಮಟ್ಟದಲ್ಲಿದ್ದು ಗೂಟ ತಾಗುವುದು ಗೋಡೆಯ ಹತ್ತಿರದ ಹನ್ನೆರಡು ಅಡಿಯಲ್ಲಿ ಮಾತ್ರ. ಅದರಾಚೆ ಅದು ಆಳೆತ್ತರ ಕೆಳಗಿದೆ, ಗುರುತಿನ ಅಗತ್ಯವೇ ಇಲ್ಲ. ಆದರೆ ಶುರುಮಾಡಿದ ಕೈ ನಿಲ್ಲಲಿಲ್ಲ. ಆರೂ ಸುತ್ತಿನ ಗೆರೆಗಳು ಗೇಟಿನವರೆಗೆ ಹೋಗಿ, ಮಡಿಸಿಕೊಂಡು, ತಿರುಗಿ ಗೋಡೆಗೆ ಬಂದವು. ಜನ ಮಾತು ನಿಲ್ಲಿಸಿ ದಾರಿ ಬಿಟ್ಟರು. ಅಂಗಳವಿಡೀ ಯಾರೋ ಕತ್ತರಿಸಲು ಗುರುತು ಹಾಕಿಟ್ಟ ಬಟ್ಟೆಯಂತೆ ಕಂಡಿತು.

ಹೊತ್ತಾಯಿತು. ಗೇಟಿನಾಚೆ ವ್ಯಾನು ಬಂದು ನಿಂತಿತು. ಆರು ಜನ ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಮುಂದಿನ ಬಲಗಡೆಗೆ ಭಾವ, ಹಿಂದೆ ಕೊನೆಗೆ ಡೇರೆಯವನು. ನಾನೂ ಹೊರ್ತೀನಿ ಎಂದು ತಾನಾಗಿ ಬಂದಿದ್ದ.

“ಗೆರೆ ಮೇಲೆ ಕಾಲಿಡಬೇಡ್ರಪ್ಪಾ,” ಎಂದ ಡೇರೆಯವನು ಸಣ್ಣ ದನಿಯಲ್ಲಿ.

“ಕಾಲಿಟ್ರೆ ಏನೂ ಆಗಲ್ಲ, ಆಳದಲ್ಲಿದೆ,” ಎಂದಳು ಟೈಲರಮ್ಮ.

ಯಾರೂ ನಂಬಲಿಲ್ಲ. ಪೆಟ್ಟಿಗೆ ನಿಧಾನವಾಗಿ ಅಂಗಳಕ್ಕಿಳಿಯಿತು. ಭಾವ ತಲೆ ತಗ್ಗಿಸಿ ನೆಲವನ್ನೇ ನೋಡುತ್ತ ನಡೆಯುತ್ತಿದ್ದ. ಕೆಂಪು ಗೆರೆ ಬಂದಲ್ಲೆಲ್ಲ ಆ ಭಾರೀ ಮೈಯ ಮುದುಕ ಮೊಣಕಾಲನ್ನು ಎತ್ತರಕ್ಕೆತ್ತಿ, ಮಲಗಿದವರನ್ನು ದಾಟುವವನ ಹಾಗೆ ದಾಟುತ್ತಿದ್ದ. ಅವನು ದಾಟಿದಾಗೆಲ್ಲ ಪೆಟ್ಟಿಗೆಯ ಆ ಮೂಲೆ ಒಂದಿಷ್ಟು ಮೇಲೆದ್ದು ಇಳಿಯುತ್ತಿತ್ತು, ಗೇಟಿನವರೆಗೂ.