ಅಶ್ವಿತಾಳ ಕೆನ್ನೆಯ ಬಂಗು

ಹೆಂಡತಿಯ ಕಾಯಿಲೆಗೆ ಗಂಡ ಬಾಯಿ ಹಾಕಿ ಉತ್ತರ ಕೊಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ. ದೋಹಾದಲ್ಲಿ ಏಷ್ಯನ್ ಗೇಮ್ಸ್ ನಡೆದ ವರ್ಷ ನಾನು ಅಲ್ ಮನ್ಸೂರಾದ ಒಂದು ಚರ್ಮದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದೆ. ನಮ್ಮ ಉಡುಪಿ ಕಡೆಯವಳೇ ಆದ ಅಶ್ವಿತಾ ಮುಖದ ಕಲೆ ತೋರಿಸಲು ಬಂದಿದ್ದಳು. ಈಜಿಪ್ಟಿನ ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಅವಳನ್ನು ಕೇಳಿದರೆ ಉತ್ತರವೆಲ್ಲ ಗಂಡ ಯಜ್ಞೇಶನದು. ಯಾವಾಗಿನಿಂದ? ಎರಡನೇ ಹೆರಿಗೆಯಾದ ಮೇಲೆ. ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಾಳಾ?

"ನೋ, ನೋ, ನಥಿಂಗ್!"

ಅಶ್ವಿತಾ ನೆಲ ನೋಡುತ್ತಾ ಕೂತಿದ್ದಳು. ಕೆನ್ನೆಗೆ ಮದುವೆಗೆ ಹೊರಟವಳಂತೆ ಪೌಡರ್ ಬಳಿದುಕೊಂಡಿದ್ದಳು.

ಕಲೆ ಎಷ್ಟು ಆಳಕ್ಕಿದೆಯೆಂದು ನೇರಳೆ ದೀಪದಲ್ಲಿ ನೋಡಬೇಕೆಂದರು ಡಾಕ್ಟರಮ್ಮ. ಅದಕ್ಕೊಂದು ಕತ್ತಲೆ ಕೋಣೆಯಿತ್ತು. ಒಳಗೆ ಜಾಗವಿಲ್ಲವೆಂದು ನಾನು ಯಜ್ಞೇಶನನ್ನು ಹೊರಗೇ ಕೂರಿಸಿದೆ. ಜಾಗ ಬೇಕಾದಷ್ಟಿತ್ತು.

ಹತ್ತಿಯಲ್ಲಿ ಪೌಡರ್ ಒರೆಸಿದಾಗ ಎರಡೂ ಕೆನ್ನೆಯಲ್ಲಿ ಕಂದು ಬಂಗು ಹರಡಿತ್ತು. ಡಾಕ್ಟರಮ್ಮ ದೀಪ ಹಿಡಿದು ನೋಡುತ್ತಿದ್ದಾಗ ನಾನು ನಮ್ಮೂರ ಕನ್ನಡದಲ್ಲಿ ಕೇಳಿದೆ, "ಮಾತ್ರೆ ಎಂತದಾದ್ರೂ ಉಂಟಾ ಮಾರಾಯ್ತಿ? ಹೇಳು, ನಾವು ಹೆಂಗಸರೇ ಇರುದು."

ಅವಳಿಗೆ ಅಳು ಒತ್ತರಿಸಿ ಬಂತು.

"ಉಂಟಕ್ಕ, ಮಕ್ಕಳಾಗದ ಮಾತ್ರೆ. ಎರಡನೇ ಹೆರಿಗೆಯಲ್ಲಿ ರಕ್ತ ಹೋಗಿ ಸಾಯುದೊಂದು ಬಾಕಿ. ಇಬ್ಬರೂ ಹೆಣ್ಣು ಅಂತ ಅತ್ತೆ ಫೋನ್ ಮಾಡಿದಾಗೆಲ್ಲ ಗಂಡು ಬೇಕು ಅಂತಾರೆ, ಇವರು ಹೂಂ ಅಂತಾರೆ. ದಮ್ಮಯ್ಯ, ಇವರಿಗೆ ಹೇಳ್ಬೇಡಿ."

ಪಾಪ ಅನ್ನಿಸಿತು. ಡಾಕ್ಟರಮ್ಮನಿಗೆ ಎಲ್ಲವನ್ನೂ ಮೆಲ್ಲಗೆ ಹೇಳಿದೆ. ಅಂಥ ಮಾತ್ರೆಯಿಂದ ಬಂಗು ಬರುವುದನ್ನು ಅವರು ಎಷ್ಟೋ ಕಂಡವರು. ಅದನ್ನು ಬಿಟ್ಟು ಬೇರೆ ಉಪಾಯಕ್ಕೆ ಹೆರಿಗೆ ಡಾಕ್ಟರನ್ನು ಕಾಣಲು ಅಲ್ಲೇ ಹೇಳಿದರು.

ಹೊರಗೆ ಯಜ್ಞೇಶನ ಮುಂದೆ ಅವರು ಮಾತ್ರೆಯ ಸುದ್ದಿಯೇ ಎತ್ತಲಿಲ್ಲ. ಬಿಸಿಲು ತಾಗಬಾರದು, ರಾತ್ರಿ ಕ್ರೀಮು ಹಚ್ಚಬೇಕು, ಆ ಕ್ರೀಮು ಹಚ್ಚುವಷ್ಟು ಕಾಲ ಬಸುರಾಗಲೇಬಾರದು ಎಂದರು. ಅದು ಸುಳ್ಳೇನಲ್ಲ.

"ಎಷ್ಟು ಸಮಯ?" ಎಂದ.

"ಒಂದು ವರ್ಷ ಅಂತಿಟ್ಟುಕೊಳ್ಳಿ."

ಅವನ ಮುಖ ಬಿಗಿಯಾಯಿತು. ಈಗ ರಂಪ ಮಾಡುತ್ತಾನೆಂದು ನಾನೂ ಜಗಳಕ್ಕೆ ತಯಾರಾಗಿ ನಿಂತೆ. ಅಶ್ವಿತಾ ನನ್ನ ಕೈ ಹಿಡಿದುಕೊಂಡಳು.

ಅವನು ಇಂಗ್ಲಿಷ್ ಬಿಟ್ಟು ನನ್ನ ಕಡೆ ತಿರುಗಿದ.

"ಸಿಸ್ಟರ್, ಎರಡು ವರ್ಷ ಅಂತ ಬರೆದು ಕೊಡ್ಲಿಕ್ಕೆ ಹೇಳಿ. ಅಮ್ಮನ ಬಾಯಿ ಮುಚ್ಚಿಸ್ಲಿಕ್ಕೆ ನಂಗೆ ಒಂದು ಕಾರಣ ಬೇಕಿತ್ತು. ಇವಳು ಇನ್ನೊಮ್ಮೆ ಹೆರಿಗೆ ಕೋಣೆಗೆ ಹೋಗುದು ನನ್ನಿಂದ ನೋಡ್ಲಿಕ್ಕೆ ಆಗುದಿಲ್ಲ."