ಮಡಿ ನಿಲ್ಲದ ಮೈ

ಅದು ಶುರುವಾದದ್ದು ಐವತ್ಮೂರನೇ ಇಸವಿಯ ಧನುರ್ಮಾಸದಲ್ಲಿ, ಇನ್ನೂ ಬೆಳಕು ಹರಿಯದ ಹೊತ್ತು. ನಮ್ಮ ಯಜಮಾನರು ಹಳೇಬೀಡಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಕೇಶವ ದೇವರ ಅರ್ಚಕರು. ಮಿಂದು ಮಡಿಯುಟ್ಟು ಗುಡಿಗೆ ಹೊರಟವರು ಅರ್ಧ ದಾರಿಯಿಂದ ಹಿತ್ತಿಲಿಗೆ ಓಡಿಬಂದರು. ಮಲದ ಜೊತೆ ರಕ್ತ ಬಿದ್ದಿತ್ತು.

ಹಾಗೆ ಹೋದ ಮೇಲೆ ಮತ್ತೆ ಮೀಯದೆ ದೇವರನ್ನು ಮುಟ್ಟುವಂತಿಲ್ಲ. ನಾನು ಬಾವಿಯಿಂದ ನೀರು ಸೇದಿದೆ. ಇನ್ನೊಮ್ಮೆ ಹೋದರು, ಇನ್ನೊಮ್ಮೆ ಸೇದಿದೆ. ಎಲ್ಲರೂ ಮೂಲವ್ಯಾಧಿ ಎಂದರು. ಮಜ್ಜಿಗೆ, ದಾಳಿಂಬೆ ಸಿಪ್ಪೆಯ ಕಷಾಯ ಎಲ್ಲಾ ಆಯಿತು. ಕೆಲವು ತಿಂಗಳು ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಪೂಜೆ ಮುಗಿಯುವ ತನಕ ಹನಿ ನೀರೂ ಕುಡಿಯದಿರುವುದನ್ನು ಅವರು ರೂಢಿ ಮಾಡಿಕೊಂಡರು.

ದಾಯಾದಿ ನಾಣಿ ನಗುತ್ತಿದ್ದ. "ಅನಂತಣ್ಣ, ನಮ್ಮ ಸ್ವಾಮಿಗೆ ದಿನಕ್ಕೊಂದೇ ಅಭಿಷೇಕ, ನಿನಗೆ ಹತ್ತು! ಪೂಜೆ ನನಗೆ ಬಿಟ್ಟು ಸುಧಾರಿಸ್ಕೋ."

"ನಾನು ಸತ್ತ ಮೇಲೆ ಮಾಡ್ಕೊಳ್ಳೋ."

ಅರವತ್ತರಲ್ಲಿ ಮೈಸೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ದೀಪದ ಕೊಳವೆ ಹಾಕಿ ನೋಡಿ, ಇಬ್ಬರನ್ನೂ ಕೂರಿಸಿ ಹೇಳಿದರು.

"ದೊಡ್ಡ ಕರುಳಿನ ಒಳಪದರ ಇದೆಯಲ್ಲಮ್ಮ, ಅದು ಹುಣ್ಣಾಗುತ್ತೆ, ಮಾಯುತ್ತೆ, ಮತ್ತೆ ಹುಣ್ಣಾಗುತ್ತೆ. ಮುಟ್ಟಿದ್ರೆ ರಕ್ತ. ಕರುಳಿನ ಮಡಿಕೆಗಳೆಲ್ಲ ಅಳಿಸಿಹೋಗಿ ಬರೀ ರಬ್ಬರ್ ಪೈಪಿನ ಹಾಗಾಗಿದೆ. ಹುಣ್ಣಿನ ಮಧ್ಯೆ ಉಳಿದ ಪದರ ಗಂಟುಗಂಟಾಗಿ ನಿಂತಿದೆ. ನೀರು ಹೀರೋ ಶಕ್ತಿನೇ ಇಲ್ಲ."

"ಮಾತ್ರೆ ಕೊಡಿ ಸ್ವಾಮಿ."

"ಕೊಡ್ತೀನಿ. ಆದ್ರೆ ವರ್ಷಗಟ್ಟಲೆ ಹೀಗೆ ಕೆರಳಿದ ಪದರ ಒಂದಿನ ಕೆಟ್ಟ ಗೆಡ್ಡೆಯಾಗಬಹುದು, ಕ್ಯಾನ್ಸರ್. ಅದಕ್ಕೆ ಮುಂಚೆ ಆ ಕರುಳನ್ನೇ ತೆಗೆದು, ಹೊಟ್ಟೆ ಮೇಲೆ ಬಾಯಿ ಮಾಡಿ ಚೀಲ ಕಟ್ಟಿದ್ರೆ ಬದುಕ್ತಾರೆ."

ಯಜಮಾನರು ಕೇಳಿದರು, "ಚೀಲ ಯಾವಾಗ ಬಿಚ್ಚೋದು?"

"ಕೊನೇವರೆಗೂ ಇರಬೇಕು."

ವಾಪಸು ಬರುವಾಗ ಬಸ್ಸಿನಲ್ಲಿ ಬಾಯಿಬಿಟ್ಟರು. "ಹೊಟ್ಟೆ ಮೇಲೆ ಮಲ ಕಟ್ಕೊಂಡು ಗರ್ಭಗುಡಿಗೆ ಹೋಗಲಾ?"

"ಹೋಗಬೇಡಿ. ನಾಣಿ ಹೋಗಲಿ. ನೀವು ಜಗಲಿ ಮೇಲೆ ಕೂತಿರಿ, ನನಗೆ ಅಷ್ಟೇ ಸಾಕು."

"ಜಗಲಿ ಮೇಲೆ ಕೂತು ಏನ್ ಮಾಡ್ಲೇ?"

ಕರುಳು ತೆಗೆಸಲು ಒಪ್ಪಲೇ ಇಲ್ಲ. ಮಾತ್ರೆಯಲ್ಲೇ ನಾಲ್ಕು ವರ್ಷ ಹೋಯಿತು. ಆಮೇಲೆ ಹೊಟ್ಟೆಯ ಎಡಗಡೆ ಕೈಗೆ ಗೆಡ್ಡೆ ಸಿಕ್ಕಿತು. ಮೈಯಲ್ಲಿ ಮೂಳೆ ಮಾತ್ರ ಉಳಿದಾಗಲೂ ಗೋಡೆ ಹಿಡಿದು ಪೂಜೆಗೆ ಹೋದರು.

ಆಷಾಢದಲ್ಲಿ ಒಂದು ಶುಕ್ರವಾರ ಬೆಳಗ್ಗೆ, ಗುಡಿಯ ಬಾಗಿಲು ತೆಗೆಯುವ ಮುಂಚೆ, ಉಸಿರು ನಿಂತಿತು. ದಾಯಾದಿಯಾದ್ದರಿಂದ ನಾಣಿಗೂ ಸೂತಕ. ಪೂಜೆಗೆ ಮಾದಿಹಳ್ಳಿಯಿಂದ ಬೇರೆ ಅರ್ಚಕರನ್ನು ಕರೆಸಿದರು. ನಮ್ಮ ಮನೆ ಗುಡಿಯ ಬೀದಿಯಲ್ಲೇ; ಅಲ್ಲಿ ಹೆಣವಿರುವ ತನಕ ದೇವರಿಗೆ ನೈವೇದ್ಯವಿಲ್ಲ. ಬಂದ ಅರ್ಚಕರು ಮಿಂದು, ಒದ್ದೆ ಬಟ್ಟೆಯಲ್ಲಿ ಕಾಯುತ್ತಿದ್ದರು.

"ಬೇಗ ಎತ್ರಪ್ಪಾ, ಸ್ವಾಮಿ ಉಪವಾಸ" ಎಂದು ಹಿರಿಯರು ಅವಸರಿಸಿದರು.

ಹಿಂದಿನ ದಿನವೇ ಹೇಳಿಕಳಿಸಿದ್ದರಿಂದ ಮಗಳು ಯದುಗಿರಿ ಅರಸೀಕೆರೆಯಿಂದ ಹೊರಟಿದ್ದಳು. ಅವಳ ಬಸ್ಸಿಗೂ ಕಾಯಲಿಲ್ಲ. ಮಗಳು ಮುಖ ನೋಡುವ ಮುಂಚೆಯೇ, ಸ್ವಾಮಿಯ ನೈವೇದ್ಯಕ್ಕೆ ತಡವಾಗದಂತೆ, ಯಜಮಾನರನ್ನು ಮನೆಯಿಂದ ಎತ್ತಿಕೊಂಡು ಹೋದರು.