ಗಂಜಿಯಲ್ಲಿ ಕಲಸಿದ ಮದ್ದು

ನನ್ನ ಮಗಳು ಸುರಕ್ಷಾಳಿಗೆ ಎಂಬಿಬಿಎಸ್ ಸೀಟು ಸಿಕ್ಕಿದೆ ಎಂದು ಗೊತ್ತಾದ ದಿನ ನಾನು ಸಿದ್ಧಕಟ್ಟೆ ಪೇಟೆಯಲ್ಲಿ ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಹಾಲಿನ ಸೊಸೈಟಿಯಲ್ಲಿ ಹೇಳಿದೆ, ಮೀನು ಮಾರುವ ಮಮ್ಮುವಿಗೆ ಹೇಳಿದೆ. ಮಸ್ಕತ್ತಿನ ಹೋಟೆಲಿನಲ್ಲಿ ಕೆಲಸಕ್ಕಿರುವ ನನ್ನ ಗಂಡ ಫೋನಿನಲ್ಲೇ ಅತ್ತುಬಿಟ್ಟರು. ನಮ್ಮ ಎರಡು ಕುಟುಂಬದಲ್ಲೂ ಡಾಕ್ಟರ್ ಎಂದು ಹೇಳಿಕೊಳ್ಳಲು ಒಬ್ಬರಿಲ್ಲ. ಹೀಗಿರುವಾಗ ಮೂರನೆಯ ದಿನ ಬೆಳಿಗ್ಗೆ ಈ ಹುಡುಗಿ ದೋಸೆ ತಿನ್ನುತ್ತಾ, "ಅಮ್ಮ, ಆ ಸೀಟು ನನಗೆ ಬೇಡ" ಅಂದಳು.

"ಎಂತ ಬೇಡ?"

"ಎಂಬಿಬಿಎಸ್ ಬೇಡ. ಮೂಡುಬಿದಿರೆಯಲ್ಲೇ ಓದ್ತೇನೆ."

ಕಾವಲಿಯ ಮೇಲಿದ್ದ ದೋಸೆ ಕರಿಯಾಯಿತು. ನಾನು ನೋಡುತ್ತಾ ನಿಂತೆ.

ತಪ್ಪು ನನ್ನದೇ. ನೀಟ್ ಫಲಿತಾಂಶ, ಕೌನ್ಸೆಲಿಂಗ್ ಎಂದು ತಿಂಗಳುಗಟ್ಟಲೆ ಎಳೆಯುತ್ತದೆ, ಅಷ್ಟರವರೆಗೆ ಮನೆಯಲ್ಲಿ ಮೊಬೈಲ್ ಒತ್ತುತ್ತಾ ಕೂರುವುದು ಬೇಡ ಎಂದು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಸೈಕಾಲಜಿ ಇರುವ ಡಿಗ್ರಿಗೆ ಸೇರಿಸಿದ್ದು ನಾನೇ. ಎರಡು ತಿಂಗಳು ಬಸ್ಸಿನಲ್ಲಿ ಹೋಗಿ ಬಂದು ಮಾಡಿದಳು. ಈಗ ಅದನ್ನೇ ಮುಂದುವರಿಸಿ, ಮೇಲೆ ಇನ್ನೂ ನಾಲ್ಕೈದು ವರ್ಷ ಓದಿ, ಕ್ಲಿನಿಕಲ್ ಸೈಕಾಲಜಿಸ್ಟ್ ಆಗುತ್ತಾಳಂತೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟಿಗೇ ಒಂದು ದಾರಿ!

"ತಲೆಯ ಡಾಕ್ಟರೇ ಆಗಬೇಕಾದರೆ ಎಂಬಿಬಿಎಸ್ ಮಾಡಿಯೇ ಆಗು ಮಾರಾಯ್ತಿ. ಯಾರು ಬೇಡ ಅಂದದ್ದು?"

"ಅದು ಸೈಕಿಯಾಟ್ರಿ ಅಮ್ಮ. ಅವರು ಡಾಕ್ಟರು, ಮದ್ದು ಬರೀತಾರೆ. ನಾನು ಹೇಳುವುದು ಮದ್ದು ಬರೆಯದವರು. ಎದುರು ಕೂತು ಮಾತಾಡಿಸಿ, ಒಳಗೆ ಎಂತ ಆಗ್ತಾ ಉಂಟು ಅಂತ ಹುಡುಕಿ, ಸರಿ ಮಾಡ್ಲಿಕ್ಕೆ ಜೊತೆಯಲ್ಲಿ ನಿಲ್ಲುವವರು."

"ಮಾತಾಡ್ಲಿಕ್ಕೆ ಅಷ್ಟು ವರ್ಷ ಓದಬೇಕಾ? ನಾನು ಓದದೆಯೇ ಇಡೀ ದಿನ ಮಾತಾಡ್ತೇನಲ್ಲ!"

"ಮಾತಾಡ್ತಿ, ಹೌದು. ಕೇಳುವುದು ಯಾವಾಗ?" ಅಂದಳು. ಹೆತ್ತ ತಾಯಿಗೆ ಹೇಳುವ ಮಾತಾ ಇದು? ನಾನೂ ಬಿಡಲಿಲ್ಲ. "ನಿನ್ನ ಮಾಮನನ್ನು ಮನುಷ್ಯ ಮಾಡಿದ್ದು ಯಾರ ಮಾತು? ಮದ್ದು! ಕಣ್ಣಾರೆ ನೋಡಿದವಳು ನೀನು, ಮರೆತು ಹೋಯ್ತಾ?"

"ನೋಡಿದ್ದಕ್ಕೇ ಹೇಳ್ತಾ ಇರುವುದು" ಅಂದು ತಟ್ಟೆ ಎತ್ತಿಕೊಂಡು ಎದ್ದಳು.

ಅವಳ ಮಾಮ ಅಂದರೆ ನನ್ನ ಅಣ್ಣ ರಮಾನಾಥ. ಮುಂಬೈಯಲ್ಲಿ ಇಪ್ಪತ್ತು ವರ್ಷ ಹೋಟೆಲು ನಡೆಸಿದವನು. ಆರು ವರ್ಷದ ಹಿಂದೆ ಒಂದು ದಿನ ಚೀಲವೂ ಇಲ್ಲದೆ ಮನೆಗೆ ಬಂದ. ಗೋಡೆಯ ಆಚೆ ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಅಂದ, ಟಿ.ವಿ.ಯ ವಯರು ಕಿತ್ತ. ಮೂರು ದಿನ ಕಣ್ಣು ಮುಚ್ಚಲಿಲ್ಲ. ನಾವೂ ಎಲ್ಲರ ಹಾಗೆ ಮೊದಲು ಜೋಯಿಸರಲ್ಲಿ ಪ್ರಶ್ನೆ ಇಡಿಸಿ, ಹರಕೆ ಹೇಳಿ, ಆಮೇಲೆ ಮಂಗಳೂರಿಗೆ ಹೋದೆವು. ಡಾಕ್ಟರು ಮಾತ್ರೆ ಕೊಟ್ಟರು. ಅಣ್ಣ ಅದನ್ನು ವಿಷ ಎಂದು ಉಗುಳಿದ. ನನಗೆ ಬೇರೆ ದಾರಿ ಕಾಣಲಿಲ್ಲ. ಸೌಟಿನ ಹಿಂಬದಿಯಲ್ಲಿ ಪುಡಿ ಮಾಡಿ ಬೆಳಗ್ಗಿನ ಗಂಜಿಗೆ ಕಲಸಿ, ಕಹಿ ಗೊತ್ತಾಗದ ಹಾಗೆ ಮೇಲೆ ಒಂದು ಚಮಚ ಹುಳಿ ಮೊಸರು ಹಾಕಿ ಕೊಟ್ಟೆ. ಮೂರು ತಿಂಗಳಲ್ಲಿ ಅವನು ನಿದ್ದೆ ಮಾಡಿದ, ಮೀಸೆ ಕತ್ತರಿಸಿಕೊಂಡ, ಹಾಲಿನ ಕ್ಯಾನು ಹಿಡಿದು ಸೊಸೈಟಿಗೆ ಹೋದ. ಇವತ್ತಿಗೂ ಹೋಗುತ್ತಾನೆ. ಮಾತು ಮಾತ್ರ ಕಡಿಮೆ. "ಮದ್ದು ಸರಿಯಾಗಿ ತೆಗೆದುಕೊಳ್ಳುತ್ತಾರಾ?" ಎಂದು ಡಾಕ್ಟರು ಕೇಳಿದಾಗಲೆಲ್ಲ ನಾನು ಹೌದು ಅನ್ನುತ್ತೇನೆ. ಸುಳ್ಳಲ್ಲವಲ್ಲ!

ತಿಂಗಳಿಗೆ ಒಂದು ದಿನ ಮಾತ್ರ ನನ್ನ ಜೀವ ಕೈಗೆ ಬರುತ್ತಿತ್ತು. ಸಂಕ್ರಮಣದ ದಿನ ಅಣ್ಣ ಉಪವಾಸ. ಗಂಜಿ ಮುಟ್ಟುವುದಿಲ್ಲ, ಸೀಯಾಳವನ್ನೂ ತಾನೇ ಕೆತ್ತಿ ಕುಡಿಯುತ್ತಾನೆ. ದೇವರ ಹೆಸರಿನ ಉಪವಾಸವನ್ನು ಮುರಿ ಎಂದು ಹೇಗೆ ಹೇಳುವುದು? ಹಳೆಯದೆಲ್ಲ ಮರಳಿ ಬರುತ್ತದೋ ಎಂದು ಇಡೀ ದಿನ ಅವನ ಮುಖ ನೋಡಿಕೊಂಡು ತಿರುಗುತ್ತಿದ್ದೆ. ಈ ಹುಡುಗಿ ದೋಸೆ ತಿನ್ನುತ್ತಾ ನನ್ನ ತಲೆ ಕೆಡಿಸಿದ್ದೂ ಸಂಕ್ರಮಣದ ದಿನವೇ. ಸೀಟು ಬೇಕೋ ಬೇಡವೋ ಎಂದು ಕಂಪ್ಯೂಟರಿನಲ್ಲಿ ಒತ್ತಲು ಆ ಸಂಜೆ ನಾಲ್ಕು ಗಂಟೆಯವರೆಗೆ ಮಾತ್ರ ಸಮಯ.

ಮಧ್ಯಾಹ್ನದವರೆಗೆ ಗದರಿಸಿದೆ, ಬೇಡಿಕೊಂಡೆ. ಅವಳ ಅಪ್ಪನ ಕೈಯಲ್ಲಿ ಫೋನು ಮಾಡಿಸಿದೆ. ಅವಳದು ಒಂದೇ ಹಟ. ಕೊನೆಗೆ, "ಸೋದರಮಾವ ಇದ್ದಾರಲ್ಲ, ಅವರನ್ನು ಕೇಳುವ" ಅಂದಳು.

ನಮ್ಮ ಬಂಟರ ಮನೆಗಳಲ್ಲಿ ತಂಗಿಯ ಮಕ್ಕಳ ವಿಷಯಕ್ಕೆ ಮಾವನ ಮಾತೇ ಮೇಲು. ಆದರೆ ಅಣ್ಣನಿಗೆ ಹುಷಾರು ತಪ್ಪಿದ ಮೇಲೆ ಅವನನ್ನು ಯಾರು ಏನು ಕೇಳಿದ್ದಾರೆ? ಎಲ್ಲದಕ್ಕೂ ಅವನ ಪರವಾಗಿ ನಾನೇ ಹೂಂ ಅಂದಿದ್ದೇನೆ. ಆದರೂ ನನಗೊಂದು ಆಸೆ ಹುಟ್ಟಿತು. ಡಾಕ್ಟರ ಸೀಟು ಬಿಡು ಎಂದು ಯಾವ ಮಾವ ಹೇಳುತ್ತಾನೆ? ಆಯಿತು, ಕೇಳುವ ಅಂದೆ.

ಅಣ್ಣ ಚಾವಡಿಯ ಮೆಟ್ಟಿಲಲ್ಲಿ ಕೂತು ಕ್ಯಾನು ಉಜ್ಜುತ್ತಿದ್ದ. "ಅಣ್ಣ, ಇವಳಿಗೆ ಸ್ವಲ್ಪ ಬುದ್ಧಿ ಹೇಳು. ಕೈಗೆ ಬಂದ ತುತ್ತನ್ನು ಚೆಲ್ತಾ ಇದ್ದಾಳೆ" ಅಂದೆ.

ಸುರಕ್ಷಾ ಅವನ ಪಕ್ಕದಲ್ಲೇ ಕೂತು ಎರಡನ್ನೂ ಬಿಡಿಸಿ ಹೇಳಿದಳು. ಇದಕ್ಕೆ ಇಷ್ಟು ವರ್ಷ, ಅದಕ್ಕೆ ಅಷ್ಟು ವರ್ಷ. ಇವರು ಮದ್ದು ಕೊಡುತ್ತಾರೆ, ಅವರು ಕೊಡುವುದಿಲ್ಲ. ಅಣ್ಣ ಉಜ್ಜುವುದನ್ನು ನಿಲ್ಲಿಸಿ ಕೇಳಿದ.

"ಮದ್ದು ಕೊಡುವವರು ಮಾತಾಡುವುದಿಲ್ವಾ?"

"ಮಾತಾಡ್ತಾರೆ ಮಾಮ. ಆದ್ರೆ ಹೊರಗೆ ಅರವತ್ತು ಜನ ಕಾಯ್ತಾ ಇದ್ರೆ ಎಷ್ಟು ಹೊತ್ತು ಮಾತಾಡಬಹುದು? ನನಗೆ ಆ ಮಾತಿನ ಕೆಲಸವೇ ಬೇಕು. ಮದ್ದಿನ ಮೇಲೆ ನನಗೆ ನಂಬಿಕೆ ಕಡಿಮೆ."

"ಹಾಗೆ ಹೇಳ್ಬೇಡ" ಅಂದ ಅಣ್ಣ. "ಮದ್ದನ್ನು ಸಸಾರ ಮಾಡ್ಬೇಡ. ನನ್ನ ತಲೆಯೊಳಗಿನ ಗಲಾಟೆ ನಿಂತದ್ದು ಮದ್ದಿನಿಂದ. ನಿನ್ನಮ್ಮ ಕಾಂತಿ ಗಂಜಿಯಲ್ಲಿ ಹಾಕಿ ಕೊಡ್ತಾಳಲ್ಲ, ಅದರಿಂದ."

ಅಯ್ಯೋ ದೇವರೇ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತಲ್ಲ ನನ್ನ ಕತೆ. ಅಲ್ಲೇ ನೆಲದ ಮೇಲೆ ಕೂತೆ.

"ನಿನಗೆ ಗೊತ್ತುಂಟಾ? ಯಾವಾಗಿನಿಂದ?"

"ಸುಮಾರು ಸಮಯ ಆಯ್ತು. ಬೇರೆ ಎಂತ ಬಡಿಸುವಾಗ್ಲೂ ನಿನ್ನ ಬಾಯಿ ನಿಲ್ಲುವುದಿಲ್ಲ. ಬೆಳಿಗ್ಗೆ ಗಂಜಿ ಬಡಿಸುವಾಗ ಮಾತ್ರ ಒಂದು ಶಬ್ದ ಇಲ್ಲ."

"ಗೊತ್ತಿದ್ದೂ ಕುಡಿದ್ಯಾ?"

"ಒಳ್ಳೆಯದಾಗ್ತಾ ಇತ್ತಲ್ಲ."

ನನಗೆ ನಾಚಿಕೆಯೂ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಹಾಗಾದ್ರೆ ಸಂಕ್ರಮಣದ ದಿನ ಯಾಕೆ ಬಿಡ್ತಿ? ಆ ದಿನ ನಾನು ಹೇಗೆ ಹೊತ್ತು ಕಳೀತೇನೆ ಅಂತ ನಿನಗೆಂತ ಗೊತ್ತು? ಹೆದರಿ ಹೆದರಿ ಸಾಯ್ತೇನೆ!"

ಅಣ್ಣ ನನ್ನನ್ನೇ ನೋಡಿದ. ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು.

"ಹೆದರ್ತಿಯಾ? ನಿನಗೆ ಒಂದು ದಿನ ರಜೆ ಇರಲಿ ಅಂತ ಬಿಡ್ತಾ ಇದ್ದೆ. ದಿನಾ ಬೆನ್ನು ತಿರುಗಿಸಿ ಕದ್ದು ಪುಡಿ ಮಾಡ್ತಿ, ಪಾಪ. ತಿಂಗಳಿಗೆ ಒಂದು ದಿನವಾದ್ರೂ ನಿನಗೆ ಆ ಕೆಲಸ ಬೇಡ ಅಂತ."

ನನಗೆ ಅಳು ತಡೆಯಲಿಲ್ಲ. ಆರು ವರ್ಷ ಒಂದೇ ಒಲೆಯ ಅನ್ನ ಉಂಡವರು ನಾವು. ನನಗೆ ರಜೆ ಕೊಡುತ್ತೇನೆಂದು ಅವನು ಹಸಿದುಕೊಂಡು ಕೂತಿದ್ದ, ಅವನು ಹಸಿದು ಕೂತನೆಂದು ನಾನು ಹೆದರಿಕೊಂಡು ತಿರುಗುತ್ತಿದ್ದೆ. ಒಂದು ಮಾತು ಕೇಳಿದ್ದರೆ ಸಾಕಿತ್ತು. ಊರವರನ್ನೆಲ್ಲ ಮಾತಾಡಿಸುವ ನಾನು ನನ್ನ ಅಣ್ಣನನ್ನು ಕೇಳಲಿಲ್ಲ.

ಸುರಕ್ಷಾಳ ಕಣ್ಣಲ್ಲೂ ನೀರಿತ್ತು. "ಮದ್ದಿನ ಬಗ್ಗೆ ಹೇಳಿದ್ದು ತಪ್ಪಾಯ್ತು ಮಾಮ. ಈಗ ನಾನು ಎಂತ ಮಾಡಲಿ, ನೀವೇ ಹೇಳಿ."

"ನಾನು ಹೇಳುವುದಿಲ್ಲ" ಅಂದ ಅಣ್ಣ. "ನನ್ನ ಪರವಾಗಿ ಆರು ವರ್ಷ ಬೇರೆಯವರು ಹೂಂ ಅಂದ್ರು. ಅದು ಹೇಗಿರ್ತದೆ ಅಂತ ನನಗೆ ಗೊತ್ತುಂಟು. ಅದನ್ನು ನಿನಗೆ ನಾನು ಮಾಡುವುದಿಲ್ಲ. ಎರಡೂ ಬೇಕಾದ ಕೆಲಸವೇ. ನಿನ್ನಿಂದ ಯಾವುದು ಆಗ್ತದೆ, ನೀನೇ ನೋಡು." ಕ್ಯಾನನ್ನು ಬದಿಗಿಟ್ಟು ಮತ್ತೆ ಹೇಳಿದ, "ಗಲಾಟೆ ನಿಂತ ಮೇಲೆ ನನ್ನ ಹತ್ರ ಯಾರೂ ಎಂತದೂ ಕೇಳಲಿಲ್ಲ. ಕೇಳಿದವಳು ಇವತ್ತು ನೀನೇ."

ಅವಳು ಎದ್ದು ನಿಂತಳು. "ನಾನು ಮೂಡುಬಿದಿರೆಯಲ್ಲೇ ಓದ್ತೇನೆ" ಅಂದಳು. ಬೆಳಿಗ್ಗೆ ಅಂದ ಮಾತೇ, ಆದರೆ ಈಗ ಅದರಲ್ಲಿ ಹಟ ಇರಲಿಲ್ಲ.

ಗಂಟೆ ಮೂರು ಕಳೆದಿತ್ತು. ಅಳುಮುಖ ತೊಳೆದುಕೊಂಡು ಅವಳ ಜೊತೆ ಪೇಟೆಗೆ ಹೋದೆ. ಕಂಪ್ಯೂಟರ್ ಅಂಗಡಿಯ ಅಜ್ಮಲ್ ಎರಡು ಸಲ ಕೇಳಿದ. "ಕಾಂತಿಯಕ್ಕ, ಇದು ಒತ್ತಿದ್ರೆ ಸೀಟು ಹೋಯ್ತು. ಮತ್ತೆ ವಾಪಸ್ ಸಿಗುವುದಿಲ್ಲ. ಯೋಚನೆ ಮಾಡಿದ್ದೀರಾ?"

ಸುಳ್ಳು ಯಾಕೆ ಹೇಳಲಿ, ಒತ್ತಬೇಡ ಎಂದು ಅವನ ಕೈ ಹಿಡಿಯಬೇಕು ಅನ್ನಿಸಿತು. ಗೋಡೆಯ ಮೇಲೆ ಮಗಳ ಹೆಸರಿನ ಬೋರ್ಡು ಎಲ್ಲಿ ಹಾಕುವುದು ಎಂದು ಜಾಗವನ್ನೂ ನೋಡಿಟ್ಟಿದ್ದೆ. "ಕೇಳಬೇಕಾದ್ದು ನನ್ನನ್ನಲ್ಲ. ಅವಳನ್ನೇ ಕೇಳು" ಅಂದೆ. ಅವಳು ಹೂಂ ಅಂದಳು. ಅವನು ಒತ್ತಿದ.

ಹಿಂದೆ ಬರುವಾಗ ಮಮ್ಮು ಸೈಕಲು ನಿಲ್ಲಿಸಿ, "ಎಂತ ಡಾಕ್ಟರಮ್ಮ!" ಎಂದು ನಕ್ಕ. "ಡಾಕ್ಟರ್ ಅಲ್ಲ ಮಾರಾಯ, ಬೇರೆ ಹೆಸರುಂಟು. ನನ್ನ ನಾಲಗೆಗೆ ಬಂದ ಮೇಲೆ ಹೇಳ್ತೇನೆ" ಅಂದೆ. ಸುರಕ್ಷಾ ನನ್ನ ಕೈ ಹಿಡಿದುಕೊಂಡಳು. ಬರುವ ತಿಂಗಳು ಮಂಗಳೂರಿಗೆ ತಾನೂ ಬರುತ್ತೇನೆ, ಗಂಜಿಯ ವಿಷಯ ಡಾಕ್ಟರಿಗೆ ಹೇಳಿಬಿಡುವ ಅಂದಳು. ನಾನೇ ಹೇಳುತ್ತೇನೆ ಅಂದೆ.

ಮರುದಿನ ಬೆಳಿಗ್ಗೆ ಗಂಜಿ ಬಡಿಸಿದೆ. ಚಟ್ನಿ ಹಾಕಿದೆ, ಹುಳಿ ಮೊಸರು ಹಾಕಲಿಲ್ಲ. ಮಾತ್ರೆಯನ್ನು ಪುಡಿ ಮಾಡದೆ ಹಾಗೆಯೇ ಅಣ್ಣನ ಅಂಗೈ ಮೇಲೆ ಇಟ್ಟೆ. ಮತ್ತೆ ಉಗುಳಿದರೆ? ಅವನು ಅದನ್ನು ತಿರುಗಿಸಿ ನೋಡಿದ. "ಇಷ್ಟು ಸಣ್ಣದಾ!" ಅಂದ. ಆಮೇಲೆ ನನ್ನ ಮುಖ ನೋಡಿ ಕಾದ.

"ಎಂತಣ್ಣ?" ಅಂದೆ.

"ನೀರು ಬೇಡ್ವಾ ಮಾರಾಯ್ತಿ?"

ಆರು ವರ್ಷ ಅವನಿಗೆ ಮದ್ದು ಕೊಟ್ಟವಳು ನಾನು. ಜೊತೆಯಲ್ಲಿ ಒಂದು ಲೋಟ ನೀರು ಕೊಡಬೇಕೆಂದು ನನಗೆ ಹೊಳೆಯಲೇ ಇಲ್ಲ.